ಅಸಿಟ್ರೋಮ್ ನಿಲ್ಲಿಸದೆ ಹಲ್ಲು ಕೀಳೋದು: ಅರಸೀಕೆರೆಯಿಂದ ನನ್ನ ಅನುಭವ

ಹೋದ ತಿಂಗಳು ಹಾಸನದಿಂದ ಒಬ್ಬ ಹಿರಿಯ ದಂತವೈದ್ಯರು ಫೋನ್ ಮಾಡಿದರು. "ವಾಲ್ವ್ ಹಾಕಿಸಿಕೊಂಡಿರೋ ಒಬ್ಬ ಹೆಂಗಸು ಬಂದಿದ್ದಾರೆ. ಮೂರು ಬೇರು ತೆಗೀಬೇಕು. ಅಸಿಟ್ರೋಮ್ ನಿಲ್ಲಿಸೋಕೆ ಹೃದಯದ ಡಾಕ್ಟರು ಒಪ್ತಿಲ್ಲ. ನೀನು ನಿಲ್ಲಿಸದೇನೇ ಮಾಡ್ತೀಯಲ್ಲ, ನಿನ್ನ ಹತ್ರ ಕಳಿಸ್ಲಾ?" ಅಂದರು. ಕಳಿಸಿ ಸರ್ ಅಂದೆ. ಅಸಿಟ್ರೋಮ್ ಅಂದ್ರೆ ಹೃದಯದ ಕೃತಕ ವಾಲ್ವ್ ಮೇಲೆ ಹೆಪ್ಪುಗಟ್ಟದಿರಲಿ ಅಂತ ಕೊಡೋ, ರಕ್ತ ತೆಳು ಮಾಡೋ ಮಾತ್ರೆ. ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. 2012ರಲ್ಲೋ 13ರಲ್ಲೋ ಒಂದು ಸಭೆಯಲ್ಲಿ ನಾನು ಇದೇ ವಿಷಯ ಮಾತಾಡಿದಾಗ, "ಅರಸೀಕೆರೆಯಂಥ ಊರಲ್ಲಿ ಕೂತು ಇಂಥ ಸಾಹಸ ಮಾಡಬೇಡಮ್ಮ, ರಾತ್ರಿ ರಕ್ತ ನಿಲ್ಲದಿದ್ರೆ ಯಾರ ಹತ್ರ ಓಡ್ತೀಯ" ಅಂತ ಎಲ್ಲರೆದುರು ಕೇಳಿದವರು ಇವರೇ. ಅವತ್ತು ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಈಗ ಇದೆ. ಅದಕ್ಕೇ ಬರೀತಿದ್ದೇನೆ.

ಇದನ್ನ ಓದೋರು ಇದೇ ಕೆಲಸದೋರು ಅಂದ್ಕೊಂಡಿದ್ದೇನೆ. ಹಲ್ಲು ಹೇಗೆ ಕೀಳಬೇಕು, ಹೊಲಿಗೆ ಹೇಗೆ ಹಾಕಬೇಕು ಅಂತ ಹೇಳೋಕೆ ಹೋಗಲ್ಲ. ಲೆಕ್ಕಗಳೆಲ್ಲ ನೆನಪಿನಿಂದ ಬರೆದದ್ದು, ಆಚೀಚೆ ಇರಬಹುದು.

ಶುರುವಾಗಿದ್ದು ಒಂದು ತಪ್ಪಿನಿಂದ. 2009. ಬಾಣಾವರದ ಕಡೆಯ ಒಬ್ಬ ಹೆಂಗಸು, ನಲವತ್ತರ ಆಸುಪಾಸು. ಚಿಕ್ಕ ವಯಸ್ಸಲ್ಲಿ ರುಮ್ಯಾಟಿಕ್ ಜ್ವರ ಬಂದು ಮೈಟ್ರಲ್ ವಾಲ್ವ್ ಹಾಳಾಗಿ ಲೋಹದ ವಾಲ್ವ್ ಹಾಕಿಸಿಕೊಂಡಿದ್ದರು. ಕಾಲೇಜಲ್ಲಿ ಕಲಿತ ಹಾಗೆ ಐದು ದಿನ ಅಸಿಟ್ರೋಮ್ ನಿಲ್ಲಿಸಿ ಬನ್ನಿ ಅಂದೆ. ಎರಡು ದವಡೆ ಹಲ್ಲು ತೆಗೆದೆ. ಒಂದೇ ಗಾಜ್ ಸಾಕಾಯ್ತು, ರಕ್ತವೇ ಇಲ್ಲ. ಎಷ್ಟು ಚೆನ್ನಾಗಿ ಆಯ್ತು ಅಂತ ಖುಷಿಪಟ್ಟೆ. ಮಾತ್ರೆ ಮತ್ತೆ ಅವತ್ತು ಸಂಜೆಯಿಂದಲೇ ಶುರು ಮಾಡಿ ಅಂತ ಬಾಯಲ್ಲಿ ಹೇಳಿದ್ದೆ, ಚೀಟಿಯಲ್ಲಿ ಬರೆದಿರಲಿಲ್ಲ. ಗಾಯ ಒಣಗಲಿ ಅಂತ ಅವರು ಇನ್ನೂ ನಾಲ್ಕು ದಿನ ಬಿಟ್ಟರು. ಹನ್ನೊಂದನೇ ದಿನವೋ ಹನ್ನೆರಡನೇ ದಿನವೋ ಮಗ ಬಂದ. "ಅಮ್ಮಂಗೆ ಉಸಿರು ಹಿಡ್ಕೊಳ್ತು ಅಂತ ಬೆಂಗಳೂರಿಗೆ ಕರ್ಕೊಂಡು ಹೋದ್ವಿ ಡಾಕ್ಟ್ರೇ, ವಾಲ್ವ್ ಮೇಲೆ ರಕ್ತ ಹೆಪ್ಪುಗಟ್ಟಿ ಕೂತಿದೆಯಂತೆ. ನೀವು ಯಾವತ್ತಿಂದ ಮಾತ್ರೆ ನಿಲ್ಲಿಸಿದ್ರಿ ಅಂತ ಬರೆದು ಕೊಡಬೇಕಂತೆ" ಅಂದ. ಕೋಪ ಮಾಡಲಿಲ್ಲ. ಜಗಳ ಆಡಲಿಲ್ಲ. ಚೀಟಿ ಕೇಳಿದ ಅಷ್ಟೇ. ಹೆಪ್ಪು ಕರಗಿಸೋ ಔಷಧಿ ಕೊಟ್ಟು ಉಳಿಸಿದರು. ಆದರೆ ಎಡಗೈ ಮೊದಲಿನ ಹಾಗೆ ಆಗಲೇ ಇಲ್ಲ. ಒಂದೂವರೆ ಎರಡು ಲಕ್ಷ ಖರ್ಚಾಯ್ತು ಅಂತ ಆಮೇಲೆ ಗೊತ್ತಾಯ್ತು. ತೆಂಗಿನ ತೋಟದ ಫಸಲನ್ನ ಎರಡು ವರ್ಷಕ್ಕೆ ಗುತ್ತಿಗೆಗೆ ಕೊಟ್ಟಿದ್ದರು.

ನಾನು ಕಿತ್ತ ಎರಡು ಹಲ್ಲಿಗೆ ಅವತ್ತು ನಾನು ತಗೊಂಡಿದ್ದು ಮುನ್ನೂರು ರೂಪಾಯಿ.

ಬಾಯಲ್ಲಿ ರಕ್ತ ಬಂದರೆ ನನ್ನ ಬೆರಳು ಅಲ್ಲಿಗೆ ಮುಟ್ಟುತ್ತೆ. ವಾಲ್ವ್ ಮೇಲೆ ಹೆಪ್ಪುಗಟ್ಟಿದರೆ ಮುಟ್ಟಲ್ಲ. ಇಷ್ಟೇ ನನ್ನ ವಾದ. ಅವತ್ತಿಂದ ಇವತ್ತಿನವರೆಗೆ ನಾನಾಗಿ ಯಾರ ರಕ್ತ ತೆಳು ಮಾಡೋ ಮಾತ್ರೆಯನ್ನೂ ನಿಲ್ಲಿಸಿಲ್ಲ. ವಾಲ್ವ್‌ನವರು, ಸ್ಟೆಂಟ್‌ನವರು, ಎಲ್ಲ ಸೇರಿ ನನ್ನ ನೋಟ್‌ಬುಕ್‌ನಲ್ಲಿ ಮುನ್ನೂರರ ಮೇಲಿದ್ದಾರೆ. ರಕ್ತ ಅಂತ ವಾಪಸ್ ಬಂದವರು ಹದಿನೈದು ಜನ ಇರಬಹುದು. ಅದರಲ್ಲಿ ಮತ್ತೆ ಹೊಲಿಗೆ ಬಿಚ್ಚಿ ಕೆಲಸ ಮಾಡಬೇಕಾಗಿ ಬಂದಿದ್ದು ನಾಲ್ಕೈದು. ದೊಡ್ಡಾಸ್ಪತ್ರೆಗೆ ಕಳಿಸಬೇಕಾಗಿದ್ದು ಒಬ್ಬರನ್ನ. ಅವರ ಕತೆ ಮುಂದೆ ಹೇಳ್ತೀನಿ, ಅದು ಹಲ್ಲು ಕಿತ್ತಿದ್ದರಿಂದ ಆಗಿದ್ದಲ್ಲ.

ಮೊದಲ ವರ್ಷ ಸುಲಭ ಇರಲಿಲ್ಲ. ಮಾತ್ರೆ ನಿಲ್ಲಿಸದೆ ಕಿತ್ತ ಮೊದಲನೇ ಕೇಸ್ ಜಾವಗಲ್‌ನ ಒಬ್ಬ ಅಜ್ಜಿ. ಐಎನ್‌ಆರ್ (ರಕ್ತ ಹೆಪ್ಪುಗಟ್ಟೋಕೆ ಎಷ್ಟು ತಡ ಆಗುತ್ತೆ ಅನ್ನೋ ಅಳತೆ, ಜಾಸ್ತಿ ಇದ್ದಷ್ಟೂ ರಕ್ತ ತೆಳು) 2.8 ಅಂತ ನೆನಪು. ಸಂಜೆ ಐದಕ್ಕೆ ಕಿತ್ತೆ, ಎರಡು ಹೊಲಿಗೆ ಹಾಕಿದೆ, ಗಾಜ್ ಕಚ್ಚಿಸಿ ಬಸ್ಸಿಗೆ ಕಳಿಸಿದೆ. ರಾತ್ರಿ ಹನ್ನೊಂದಕ್ಕೆ ಓಮ್ನಿಯಲ್ಲಿ ಕರ್ಕೊಂಡು ಬಂದರು. ಬಾಯಿ ತುಂಬಾ ಕುರಿಯ ಲಿವರ್ ತುಂಡಿನ ಹಾಗೆ ಕಪ್ಪು ಗಡ್ಡೆ, ಅದರ ಸಂದಿಯಿಂದ ರಕ್ತ ಒಸರ್ತಾ ಇದೆ. ಮನೆಯಲ್ಲಿ ಕಾಫಿಪುಡಿ ಬೇರೆ ತುಂಬಿದ್ದರು. ನನಗೆ ಸಹಾಯಕ್ಕೆ ಯಾರೂ ಇಲ್ಲ. ಅಜ್ಜಿಯ ಮೊಮ್ಮಗನ ಕೈಗೆ ಸಕ್ಷನ್ ಪೈಪ್ ಕೊಟ್ಟು ಆ ಗಡ್ಡೆಯನ್ನೆಲ್ಲ ತೆಗೆದೆ. ಗಡ್ಡೆ ಮೇಲೆ ಎಷ್ಟು ಗಾಜ್ ಒತ್ತಿದರೂ ಏನೂ ಉಪಯೋಗವಿಲ್ಲ, ಮೊದಲು ಅದನ್ನ ತೆಗೀಲೇಬೇಕು, ಇದು ನಿಮಗೂ ಗೊತ್ತು. ಆದರೆ ರಾತ್ರಿ ಹನ್ನೊಂದಕ್ಕೆ, ಒಬ್ಬಳೇ ಇದ್ದಾಗ, ಕೈ ಹಾಕೋಕೆ ಧೈರ್ಯ ಬೇಕು. ತೆಗೆದು ನೋಡಿದರೆ ಸಾಕೆಟ್, ಅಂದ್ರೆ ಹಲ್ಲು ಕಿತ್ತ ಗುಳಿಯ ತಳದಲ್ಲಿ ಕೆಂಪಗೆ ಮೆತ್ತಗಿನ ಮಾಂಸ. ಸಂಜೆ ಅವಸರದಲ್ಲಿ ಅದನ್ನ ಕೆರೆದಿರಲಿಲ್ಲ. ರಕ್ತ ಬರ್ತಿದ್ದಿದ್ದು ಅಲ್ಲಿಂದಲೇ. ಪೂರ್ತಿ ಕೆರೆದು, ತುಂಬಿ, ಹೊಲಿದು, ಬೆರಳಲ್ಲಿ ಒತ್ತಿ ಹಿಡಿದು ಕೂತೆ. ಹನ್ನೆರಡೂವರೆಗೆ ನಿಂತಿತು. ಅಜ್ಜಿ ನನ್ನ ಕೈ ಹಿಡ್ಕೊಂಡು "ನಿಂಗೂ ಊಟ ಆಗಿಲ್ವೇನವ್ವ" ಅಂದರು.

ಆ ರಾತ್ರಿ ಮೂರು ಪಾಠ ಕಲಿತೆ. ಸಂಜೆ ಕೀಳಬಾರದು. ಬುಧವಾರ ಆದ ಮೇಲೆ, ಅಂದ್ರೆ ವಾರದ ಕೊನೆಗೆ, ಕೀಳಬಾರದು. ಅಡಿಯ ಮಾಂಸವನ್ನ ಒಂಚೂರೂ ಬಿಡಬಾರದು.

ಈಗ ನಾನು ಮಾಡೋದು ಹೀಗೆ. ಸೋಮವಾರದಿಂದ ಬುಧವಾರ, ಬೆಳಗ್ಗೆ ಹತ್ತಕ್ಕೆ. ಅವರ ಹೃದಯದ ಡಾಕ್ಟರಿಗೆ ಮೊದಲೇ ಒಂದು ಫೋನ್. ಏನು ತೆಗೀತಿದ್ದೀನಿ, ಏನೂ ನಿಲ್ಲಿಸ್ತಿಲ್ಲ ಅಂತ ಹೇಳ್ತೀನಿ. ಐಎನ್‌ಆರ್ ಅದೇ ದಿನ ಬೆಳಗ್ಗೆ, ಇಲ್ಲಾಂದ್ರೆ ಹಿಂದಿನ ದಿನದ್ದು. ಹೋದ ತಿಂಗಳ ರಿಪೋರ್ಟ್ ತಂದರೆ ವಾಪಸ್ ಕಳಿಸ್ತೀನಿ. ಬ್ರಿಟನ್ನಿನ ಕಡೆ 4ರ ಒಳಗಿದ್ದರೆ ಕೀಳಬಹುದು ಅಂತಾರೆ. ನಾನು 3.5ಕ್ಕೆ ಗೆರೆ ಹಾಕಿದ್ದೀನಿ, ನಮ್ಮೂರಲ್ಲಿ ರಾತ್ರಿ ಬೇರೆ ದಾರಿ ಇಲ್ಲವಲ್ಲ. ಒಂದು ಸಲಕ್ಕೆ ಮೂರು ಹಲ್ಲಿಗಿಂತ ಜಾಸ್ತಿ ಇಲ್ಲ, ಅದೂ ಪಕ್ಕಪಕ್ಕದ್ದೇ ಆಗಿರಬೇಕು. ಒಂದು ಸಲ ಬಡಪಾಯಿ ದೂರದಿಂದ ಬಂದಿದ್ದಾನೆ, ಎರಡು ಸಲ ಬಸ್ ಚಾರ್ಜ್ ಯಾಕೆ ಅಂತ ಆರು ಹಲ್ಲು ಒಟ್ಟಿಗೇ ತೆಗೆದೆ. ಆ ಮನುಷ್ಯ ಎರಡು ದಿನ ಒಸರುತ್ತಲೇ ಇದ್ದ, ಮೂರು ಸಲ ಬಂದು ಹೋದ. ಬಸ್ ಚಾರ್ಜ್ ಎಲ್ಲಿ ಉಳಿಯಿತು?

ಕಿತ್ತ ಮೇಲೆ ಸಾಕೆಟ್‌ನ ಗೋಡೆಗಳನ್ನ ಹಿಂಡಿ, ಒಳಗೆ ಆಬ್‌ಜೆಲ್ (ರಕ್ತ ನಿಲ್ಲಿಸೋ ಜೆಲಾಟಿನ್ ಸ್ಪಾಂಜ್), ಮೇಲೆ 3-0 ಸಿಲ್ಕ್‌ನಲ್ಲಿ ಎಂಟರ ಆಕಾರದ ಹೊಲಿಗೆ. ಆಮೇಲೆ ಕಟ್ಟಿದ ಹೆಪ್ಪು ಕರಗದ ಹಾಗೆ ತಡೆಯೋ ಟ್ರಾನೆಕ್ಸಮಿಕ್ ಆಸಿಡ್‌ನ 500 ಮಿಲಿಗ್ರಾಂ ಆಂಪೂಲ್ ಒಡೆದು ಅದರಲ್ಲಿ ಅದ್ದಿದ ಗಾಜ್. ಅರ್ಧ ಗಂಟೆ ಗಡಿಯಾರ ನೋಡ್ಕೊಂಡು ಕಚ್ಚಿಸ್ತೀನಿ. ಪಕ್ಕದಲ್ಲಿ ಕೂತು ಮಾತಾಡಿಸಬೇಡಿ, ಮಾತಾಡಿದರೆ ಒತ್ತಡ ಹೋಗುತ್ತೆ. ಅರ್ಧ ಗಂಟೆ ಆದ ಮೇಲೆ ಗಾಜ್ ತೆಗೆದು ಇನ್ನೂ ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸಿ, ಮತ್ತೊಂದು ಸಲ ಬಾಯಿ ನೋಡಿಯೇ ಕಳಿಸೋದು. ಮನೆಗೆ ಇನ್ನೆರಡು ಆಂಪೂಲ್ ಕೊಟ್ಟು ಕಳಿಸ್ತಿದ್ದೆ. ಒಡೆಯೋಕೆ ಹೋಗಿ ಒಬ್ಬರು ಬೆರಳು ಕುಯ್ಕೊಂಡರು. ಈಗ ಅದರದ್ದೇ 500ರ ಮಾತ್ರೆಯನ್ನ ಪುಡಿ ಮಾಡಿ ಎರಡು ಚಮಚ ನೀರಲ್ಲಿ, ಅಂದ್ರೆ ಹತ್ತು ಎಂಎಲ್‌ನಲ್ಲಿ ಕದಡಿ, ಎರಡು ನಿಮಿಷ ಬಾಯಲ್ಲಿ ಇಟ್ಕೊಂಡು ಹಾಗೇ ಹೊರಗೆ ಜಾರಿಸಿ ಬಿಡಿ ಅಂತೀನಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ಮಲಗುವಾಗ, ಎರಡು ದಿನ. ಪುಡಿ ಪೂರ್ತಿ ಕರಗಲ್ಲ. ಪರವಾಗಿಲ್ಲ, ಕೆಲಸ ಮಾಡುತ್ತೆ.

ಗಾಜ್ ಮಡಿಸೋದರಲ್ಲಿ ನನ್ನದೊಂದು ಪದ್ಧತಿ ಇದೆ. ಅರ್ಧಕ್ಕರ್ಧ ಕೆಲಸ ಅದೇ ಮಾಡುತ್ತೆ ಅಂತ ನನ್ನ ನಂಬಿಕೆ. ಅದನ್ನ ಬರೆದು ತಿಳಿಸೋಕೆ ಆಗಲ್ಲ, ಬರೆಯೋಕೆ ಇಷ್ಟವೂ ಇಲ್ಲ. ನೋಡಬೇಕು ಅಂದ್ರೆ ಬನ್ನಿ, ಚಹಾ ಕುಡ್ಕೊಂಡು ತೋರಿಸ್ತೀನಿ.

ದೊಡ್ಡಾಸ್ಪತ್ರೆಗೆ ಕಳಿಸಿದ ಕೇಸ್ ಹೇಳ್ತೀನಿ ಅಂದೆನಲ್ಲ. 2014. ಗಂಡಸಿ ಕಡೆಯ ಮನುಷ್ಯ, ಐವತ್ತೈದು ವಯಸ್ಸು, ವಾಲ್ವ್ ಹಾಕಿಸಿ ಆರು ವರ್ಷ ಆಗಿತ್ತು. ಕಿತ್ತಾಗ ಐಎನ್‌ಆರ್ 2.6. ರಕ್ತ ಹತ್ತು ನಿಮಿಷದಲ್ಲಿ ನಿಂತಿತು. ಕೀವಿತ್ತು ಅಂತ ಅಮಾಕ್ಸಿಸಿಲಿನ್ ಜತೆಗೆ ಮೆಟ್ರೋನಿಡಜೋಲ್ ಬರೆದೆ. ಎಲ್ಲರೂ ಬರೆಯೋದೇ ಅಲ್ವಾ? ಕೈ ತಾನಾಗೇ ಬರೆಯುತ್ತೆ. ಐದನೇ ದಿನ ಬಂದರು. ಸಾಕೆಟ್‌ನಿಂದ ರಕ್ತ, ಹಲ್ಲುಜ್ಜದಿದ್ದರೂ ಒಸಡಿಂದ ರಕ್ತ, ತೋಳಿನ ಮೇಲೆ ನೇರಳೆ ಹಣ್ಣಿನ ಬಣ್ಣದ ಕಲೆಗಳು. ಮೂತ್ರ ಕೆಂಪಗೆ ಬರ್ತಿದೆ ಅಂತ ಹೆಂಡತಿ ಮೆಲ್ಲಗೆ ಹೇಳಿದರು. ಐಎನ್‌ಆರ್ 8ರ ಹತ್ತಿರ ಇತ್ತು. ಮೆಟ್ರೋನಿಡಜೋಲ್ ಅಸಿಟ್ರೋಮ್‌ನ ಬಲವನ್ನ ಏರಿಸಿಬಿಡುತ್ತೆ ಅಂತ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಆದರೂ ಬರೆದುಕೊಟ್ಟೆ. ಆಂಬುಲೆನ್ಸ್ ಮಾಡಿ ನಾನೇ ಜತೆಗೆ ಹೋದೆ. ಅಲ್ಲಿ ಆರು ದಿನ ಇದ್ದು ಹುಷಾರಾಗಿ ಬಂದರು. ಆಸ್ಪತ್ರೆ ಬಿಲ್ಲಿನಲ್ಲಿ ಅರ್ಧ ನಾನು ಕೊಟ್ಟೆ, ಹದಿನೆಂಟು ಸಾವಿರವೋ ಇಪ್ಪತ್ತೋ. ಅವರು ಬೇಡ ಅಂದರು. ಕೊಟ್ಟೆ.

ಅವತ್ತಿಂದ ಕ್ಲಿನಿಕ್‌ನಲ್ಲಿ ಈ ರೋಗಿಗಳಿಗೆ ಬೇರೆಯೇ ಹಳದಿ ಚೀಟಿ ಪುಸ್ತಕ. ಅದರ ತಲೆಯಲ್ಲೇ ಅಚ್ಚು ಹಾಕಿಸಿದ್ದೀನಿ: ಮೆಟ್ರೋನಿಡಜೋಲ್ ಇಲ್ಲ, ನೋವಿಗೆ ಡೈಕ್ಲೋಫೆನಾಕ್ ಇಲ್ಲ, ಕೆಟೋರೋಲ್ ಇಲ್ಲ, ಬಾಯಿಯ ಫಂಗಸ್‌ಗೆ ಫ್ಲುಕೋನಜೋಲ್ ಇಲ್ಲ, ಮೈಕೋನಜೋಲ್ ಜೆಲ್ಲೂ ಇಲ್ಲ. ಜೆಲ್ ಅಲ್ವಾ, ಬಾಯಲ್ಲೇ ಇರುತ್ತಲ್ಲ ಅಂದ್ಕೋಬೇಡಿ, ಅದೂ ಒಳಗೆ ಹೋಗಿ ಐಎನ್‌ಆರ್ ಏರಿಸುತ್ತೆ. ನೋವಿಗೆ ಪ್ಯಾರಸಿಟಮಾಲ್, ಎರಡು ಮೂರು ದಿನಕ್ಕೆ. ಚೀಟಿ ಪುಸ್ತಕಕ್ಕೆ ನಾನೂರು ರೂಪಾಯಿ ಆಯ್ತು. ನಾನು ಈ ಕೆಲಸಕ್ಕೆ ಮಾಡಿದ ಖರ್ಚಿನಲ್ಲೆಲ್ಲ ಅದೇ ಒಳ್ಳೇ ಖರ್ಚು.

ಕೆಟ್ಟ ಖರ್ಚುಗಳೂ ಇವೆ. ಬೆರಳು ಚುಚ್ಚಿ ಐಎನ್‌ಆರ್ ನೋಡೋ ಪುಟ್ಟ ಮೆಷಿನ್ ತಗೊಂಡೆ, ನಲವತ್ತೈದು ಸಾವಿರದ ಹತ್ತಿರ. ಮೆಷಿನ್ ಒಳ್ಳೇದೇ. ಆದರೆ ಒಂದೊಂದು ಸ್ಟ್ರಿಪ್‌ಗೆ ನಾನೂರು ಚಿಲ್ಲರೆ, ಡಬ್ಬಿಯಲ್ಲಿ ಇಪ್ಪತ್ತನಾಲ್ಕು. ನಮ್ಮೂರಲ್ಲಿ ತಿಂಗಳಿಗೆ ಒಬ್ಬರೋ ಇಬ್ಬರೋ ವಾಲ್ವ್‌ನವರು ಬರೋದು. ಅರ್ಧ ಡಬ್ಬಿ ಅವಧಿ ಮುಗಿದು ಬುಟ್ಟಿಗೆ ಹೋಯ್ತು. ಎರಡು ಸಲ ಹಾಗಾದ ಮೇಲೆ ಮಾರಿದೆ. ಹದಿನೈದಕ್ಕೆ ಹೋಯ್ತು.

ಅದಕ್ಕಿಂತ ಮುಂಚೆ ಲ್ಯಾಬ್‌ನ ಗೋಳು. ಊರಲ್ಲಿ ರಕ್ತ ತೆಗೆದು ಬಸ್ಸಿನಲ್ಲಿ ಬೇರೆ ಊರಿಗೆ ಕಳಿಸ್ತಿದ್ದರು. ಒಂದು ಬೇಸಿಗೆಯಲ್ಲಿ ಸಾಲಾಗಿ ಮೂರು ಜನಕ್ಕೆ ಐಎನ್‌ಆರ್ 5ರ ಮೇಲೆ ಬಂತು. ಮೂವರನ್ನೂ ವಾಪಸ್ ಕಳಿಸಿದೆ, ಒಬ್ಬರಂತೂ ಕೆನ್ನೆ ಊದಿಸಿಕೊಂಡು ಅಳ್ತಾ ಹೋದರು. ಆಮೇಲೆ ನಾನೇ ಹೋಗಿ ನೋಡಿದೆ. ನೀಲಿ ಮುಚ್ಚಳದ ಟ್ಯೂಬ್‌ಗೆ ಗೆರೆವರೆಗೆ ರಕ್ತ ತುಂಬುತ್ತಲೇ ಇರಲಿಲ್ಲ, ಅರ್ಧಕ್ಕೆ ಬಿಡ್ತಿದ್ದರು. ರಕ್ತ ಕಮ್ಮಿ, ಹೆಪ್ಪುಗಟ್ಟದಿರಲಿ ಅಂತ ಟ್ಯೂಬ್‌ನಲ್ಲಿ ಮೊದಲೇ ಇರೋ ಸಿಟ್ರೇಟ್ ಜಾಸ್ತಿ ಆದರೆ ಲೆಕ್ಕ ಸುಳ್ಳೇ ಮೇಲೆ ಹೋಗುತ್ತೆ. ಈಗ ಟ್ಯೂಬ್ ನಾನೇ ತರಿಸಿ ಇಟ್ಕೊಂಡಿದ್ದೀನಿ, ನನ್ನ ಹುಡುಗಿಯೇ ರಕ್ತ ತೆಗೀತಾಳೆ, ಗೆರೆ ಮುಟ್ಟಿದ್ಯಾ ಅಂತ ಬೆಳಕಿಗೆ ಹಿಡಿದು ನನಗೆ ತೋರಿಸಿಯೇ ಕಳಿಸೋದು. ಲ್ಯಾಬ್‌ನವರ ಹತ್ರ ಮಾತಾಡಿ ಮುನ್ನೂರೈವತ್ತರ ಟೆಸ್ಟನ್ನ ಇನ್ನೂರೈವತ್ತಕ್ಕೆ ಇಳಿಸಿದೆ.

ಇನ್ನೊಂದು ಪ್ರಯೋಗ. ರೋಗಿಯ ರಕ್ತವನ್ನೇ ಮೆಷಿನ್‌ನಲ್ಲಿ ತಿರುಗಿಸಿ ಪಿಆರ್‌ಎಫ್, ಅಂದ್ರೆ ಪ್ಲೇಟ್‌ಲೆಟ್ ತುಂಬಿದ ಹೆಪ್ಪಿನ ಉಂಡೆ ಮಾಡಿ ಸಾಕೆಟ್‌ಗೆ ತುಂಬೋದು. ಒಂದು ಕಾರ್ಯಾಗಾರದಲ್ಲಿ ನೋಡಿ ಮರುಳಾಗಿ ಹದಿನೆಂಟು ಸಾವಿರ ಕೊಟ್ಟು ಹಳೇ ಸೆಂಟ್ರಿಫ್ಯೂಜ್ ತಂದೆ. ಸಾಮಾನ್ಯ ರೋಗಿಗಳಲ್ಲಿ ಬೆಣ್ಣೆ ಉಂಡೆಯ ಹಾಗೆ ಚೆಂದ ಬರುತ್ತೆ. ಅಸಿಟ್ರೋಮ್ ತಿನ್ನೋರಲ್ಲಿ ಬರೀ ಲೋಳೆ. ರಕ್ತ ಹೆಪ್ಪುಗಟ್ಟದಿರಲಿ ಅಂತಲೇ ಅವರು ಮಾತ್ರೆ ತಿನ್ನೋದು, ಅವರ ರಕ್ತದಲ್ಲೇ ಹೆಪ್ಪು ಮಾಡೋಕೆ ಹೊರಟಿದ್ದೆ! ಎಂಟೋ ಹತ್ತೋ ಜನರಲ್ಲಿ ಪ್ರಯತ್ನಿಸಿ ಬಿಟ್ಟೆ. ಆ ಮೆಷಿನ್ ಈಗ ಬೇರೆ ಕೇಸ್‌ಗಳಿಗೆ ಉಪಯೋಗಕ್ಕೆ ಬರ್ತಿದೆ.

ಟೀ ಬ್ಯಾಗ್ ಒದ್ದೆ ಮಾಡಿ ಕಚ್ಚಿಸೋದೂ ನೋಡಿದೆ. ಸಣ್ಣ ಒಸರಿಗೆ ಒಂಚೂರು ಸಹಾಯ ಮಾಡುತ್ತೆ, ಕೈಯಲ್ಲಿ ಏನೂ ಇಲ್ಲದಾಗ ಸರಿ. ಆದರೆ ಮುಂಭಾಗದ ಹಲ್ಲಿನ ಅಳತೆ ಮುಂಚೆಯೇ ತಗೊಂಡು ಮೆತ್ತನೆ ಶೀಟಿನಲ್ಲಿ ಮುಚ್ಚಳದ ಹಾಗೆ ಸ್ಪ್ಲಿಂಟ್ ಮಾಡಿ ಇಟ್ಕೊಂಡು, ಕಿತ್ತ ಕೂಡಲೇ ಹಾಕಿದರೆ ಅದು ಬ್ರಹ್ಮಾಸ್ತ್ರ. ಶೀಟ್ ನೂರು ನೂರಿಪ್ಪತ್ತು ರೂಪಾಯಿ. ಒಳಭಾಗಕ್ಕೆ ಏನು ಹಚ್ತೀನಿ ಅನ್ನೋದು ನನ್ನ ಹತ್ರವೇ ಇರಲಿ.

ಊಟದ ವಿಷಯ ಯಾವ ಪುಸ್ತಕದಲ್ಲೂ ನಮ್ಮ ಜನಕ್ಕೆ ಬೇಕಾದ ಹಾಗೆ ಬರೆದಿಲ್ಲ. ಬಿಸಿ ಮುದ್ದೆ, ಬಿಸಿ ಬಸ್ಸಾರು ಉಂಡು ಹೆಪ್ಪು ಕಿತ್ಕೊಂಡು ಬಂದವರನ್ನ ಎಷ್ಟು ನೋಡಿಲ್ಲ. ಮುದ್ದೆ ಬೇಡ ಅಂದರೆ ನಮ್ಮ ಕಡೆಯವರು ಹಸಿವಿನಲ್ಲಿ ಮಲಗ್ತಾರೆ. ಅದಕ್ಕೆ ನಾನು ಮುದ್ದೆಯನ್ನೇ ಹೇಳೋದು: ಆರಿಸಿ, ಸಣ್ಣ ತುತ್ತು ಮಾಡಿ, ಮಜ್ಜಿಗೆಯಲ್ಲಿ ಅದ್ದಿ, ಇನ್ನೊಂದು ಕಡೆಯಿಂದ ನುಂಗಿ. ಅಗಿಯೋ ಕೆಲಸವೇ ಇಲ್ಲ. ಇದಕ್ಕಿಂತ ಒಳ್ಳೇ ಪಥ್ಯ ಇಲ್ಲ. ಎಲೆ ಅಡಿಕೆ ಒಂದು ವಾರ ಇಲ್ಲ. ಎಂಜಲು ಉಗುಳಬೇಡಿ, ನುಂಗಿ ಅಂತ ಮೂರು ಸಲ ಹೇಳ್ತೀನಿ, ಆಮೇಲೆ ಜತೆಗೆ ಬಂದವರ ಬಾಯಿಂದ ವಾಪಸ್ ಹೇಳಿಸ್ತೀನಿ. ಎಲೆ ಅಡಿಕೆ ಅಭ್ಯಾಸ ಇರೋರಿಗೆ ಉಗುಳದೇ ಇರೋದು ತುಂಬಾ ಕಷ್ಟ. ಇನ್ನೊಂದು ಸೂಕ್ಷ್ಮ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ ಬೆರಕೆ ಸೊಪ್ಪು ಬರುತ್ತೆ, ಮನೆಮನೆಯಲ್ಲೂ ದಿನಾ ಸೊಪ್ಪಿನ ಸಾರು. ಇದ್ದಕ್ಕಿದ್ದ ಹಾಗೆ ಸೊಪ್ಪು ಜಾಸ್ತಿ ಆದರೆ ಐಎನ್‌ಆರ್ ಇಳಿಯುತ್ತೆ. ನಾನು ಕೀಳೋಕೆ ಅದು ಸುಲಭವೇ, ಆದರೆ ವಾಲ್ವ್‌ಗೆ ಅಪಾಯ. ಆ ತಿಂಗಳುಗಳಲ್ಲಿ 1.5, 1.6 ಬಂದರೆ ನಾನು ಹಲ್ಲು ಬಿಟ್ಟು ಮೊದಲು ಅವರ ಡಾಕ್ಟರಿಗೆ ಫೋನ್ ಮಾಡ್ತೀನಿ.

ಸ್ಟೆಂಟ್‌ನವರದು ಬೇರೆ ಲೆಕ್ಕ. ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ತಿಂತಿರ್ತಾರೆ, ರಕ್ತದ ಪ್ಲೇಟ್‌ಲೆಟ್‌ಗಳು ಅಂಟಿಕೊಳ್ಳದ ಹಾಗೆ ತಡೆಯೋ ಮಾತ್ರೆಗಳು. ಇವರಿಗೆ ಐಎನ್‌ಆರ್ ಮಾಡಿಸಿ ಅಂತ ಚೀಟಿ ಬರೆಯೋರನ್ನ ಈಗಲೂ ನೋಡ್ತೀನಿ, ಅದರಿಂದ ಏನೂ ತಿಳಿಯಲ್ಲ, ಸುಮ್ನೆ ದುಡ್ಡು. ಔಷಧಿ ಲೇಪಿಸಿದ ಸ್ಟೆಂಟ್ ಹಾಕಿದ ಮೊದಲ ವರ್ಷ ಹಲ್ಲಿಗೋಸ್ಕರ ಆ ಎರಡು ಮಾತ್ರೆ ನಿಲ್ಲಿಸಬೇಡಿ ಅಂತ ಅಮೆರಿಕದ ಹೃದಯದ ಸಂಘ, ಅಲ್ಲಿನ ದಂತವೈದ್ಯರ ಸಂಘ ಎಲ್ಲ ಸೇರಿ 2007ರಲ್ಲೇ ಹೇಳಿದ್ದಾರೆ. ಇವರಿಗೆ ಕಿತ್ತ ಕೂಡಲೇ ಜಾಸ್ತಿ ಒಸರುತ್ತೆ, ನೋಡಿದರೆ ಹೆದರಿಕೆ ಆಗುತ್ತೆ, ಆದರೆ ಒತ್ತಿ ಹಿಡಿದರೆ ನಿಲ್ಲುತ್ತೆ. ಅದೇ ಥರದ ಟಿಕಾಗ್ರೆಲಾರ್ ತಗೊಳ್ಳೋರಿಗೆ ಇನ್ನೂ ಸ್ವಲ್ಪ ಹೊತ್ತು ಬೇಕು. ಹಾರ್ಟ್ ಅಟ್ಯಾಕ್ ಆಗಿ ಆರು ವಾರ ಆಗಿಲ್ಲ ಅಂದರೆ ಮಾತ್ರ ನಾನು ಊರಲ್ಲಿ ಮುಟ್ಟಲ್ಲ, ಹೃದಯದ ಡಾಕ್ಟರು ಇರೋ ಆಸ್ಪತ್ರೆಗೇ ಕಳಿಸೋದು.

ರಕ್ತ ತೆಳು ಮಾಡೋ ಹೊಸ ಮಾತ್ರೆಗಳು, ಡಾಬಿಗಾಟ್ರಾನ್, ರಿವರಾಕ್ಸಬಾನ್, ಎಪಿಕ್ಸಬಾನ್ ತಿನ್ನೋರು ನನ್ನ ಹತ್ರ ಇಪ್ಪತ್ತು ಜನವೂ ಬಂದಿಲ್ಲ. ಒಂದೆರಡು ಹಲ್ಲಾದರೆ ನಿಲ್ಲಿಸದೇ ಮಾಡಿದ್ದೀನಿ, ಬೆಳಗಿನ ಮಾತ್ರೆ ತಗೊಂಡು ನಾಲ್ಕೈದು ಗಂಟೆ ಆದ ಮೇಲೆ. ಇವರಿಗಾಗಿ ಮಾತ್ರ ಹತ್ತು ಗಂಟೆಯ ನಿಯಮ ಮುರಿದು ಮಧ್ಯಾಹ್ನ ಹನ್ನೆರಡಕ್ಕೆ ಇಟ್ಕೊಳ್ತೀನಿ. ಅನುಭವ ಕಮ್ಮಿ, ಜಾಸ್ತಿ ಬರೆಯಲ್ಲ.

ಮರಗಟ್ಟಿಸೋ ಮದ್ದಿಗೆ ಬೆರೆಸೋ ಅಡ್ರಿನಲಿನ್‌ಗೆ ಹೆದರಿ ಬರೀ ಲಿಗ್ನೋಕೇನ್ ಕೊಟ್ಟು ಕೀಳೋರಿಗೆ ಒಂದು ಮಾತು. ಅರ್ಧಂಬರ್ಧ ಮರಗಟ್ಟಿದ ಹಲ್ಲನ್ನ ಕೀಳುವಾಗ ಆ ರೋಗಿಯ ಮೈಯೇ ಸುರಿಸೋ ಅಡ್ರಿನಲಿನ್ ನಿಮ್ಮ ಸಿರಿಂಜಿನದಕ್ಕಿಂತ ಎಷ್ಟೋ ಜಾಸ್ತಿ. ನಾನು ಅಡ್ರಿನಲಿನ್ 1:80,000 ಬೆರೆತದ್ದನ್ನೇ ಕೊಡ್ತೀನಿ, ಹೆಚ್ಚೆಂದರೆ ಮೂರು ಎಂಎಲ್, ಹಿಂದಕ್ಕೆ ಎಳೆದು ನೋಡಿ, ನಿಧಾನವಾಗಿ. ಹಾರ್ಟ್ ಫೇಲ್ಯೂರ್ ಇರೋರನ್ನ ಪೂರ್ತಿ ಮಲಗಿಸಬೇಡಿ. ರಾತ್ರಿ ಎಷ್ಟು ದಿಂಬು ಇಟ್ಕೊಂಡು ಮಲಗ್ತೀರಿ ಅಂತ ಕೇಳಿದರೆ ಸಾಕು, ಕುರ್ಚಿ ಎಷ್ಟು ಎತ್ತಬೇಕು ಅಂತ ಗೊತ್ತಾಗುತ್ತೆ. ಕೆಲಸ ಮುಗಿದ ಮೇಲೆ ಎರಡು ನಿಮಿಷ ಕಾಲು ಇಳಿಬಿಟ್ಟು ಕೂರಿಸಿ. ಬಿಪಿ ಮಾತ್ರೆ ತಿನ್ನೋರು ಧಡಕ್ಕನೆ ಎದ್ದರೆ ಬೀಳ್ತಾರೆ.

ಬಾಯಿಯ ಕ್ರಿಮಿಗಳು ರಕ್ತದಲ್ಲಿ ಹೋಗಿ ಹೃದಯಕ್ಕೆ ಅಂಟದಿರಲಿ ಅಂತ ಕೀಳೋ ಮುಂಚೆ ಕೊಡೋ ಆಂಟಿಬಯಾಟಿಕ್ ವಿಷಯ ಬೇಗ ಮುಗಿಸ್ತೀನಿ. ಸ್ಟೆಂಟ್‌ಗೆ, ಬೈಪಾಸ್‌ಗೆ, ಪೇಸ್‌ಮೇಕರ್‌ಗೆ ಅದು ಬೇಡ. ಕೃತಕ ವಾಲ್ವ್ ಇರೋರಿಗೆ, ಮುಂಚೆ ಒಂದು ಸಲ ಎಂಡೋಕಾರ್ಡೈಟಿಸ್ (ಹೃದಯದ ಒಳಪದರದ ಸೋಂಕು) ಆದವರಿಗೆ, ಹುಟ್ಟಿನಿಂದ ಮೈ ನೀಲಿಯಾಗೋ ಹೃದಯದ ತೊಂದರೆ ಇದ್ದು ಆಪರೇಷನ್ ಆಗದವರಿಗೆ ಬೇಕೇ ಬೇಕು. ಅಮಾಕ್ಸಿಸಿಲಿನ್ 500ರದ್ದು ನಾಲ್ಕು, ಕೀಳೋ ಅರ್ಧ ಗಂಟೆಯಿಂದ ಒಂದು ಗಂಟೆ ಮುಂಚೆ, ನನ್ನ ಕಣ್ಣೆದುರೇ ನುಂಗಬೇಕು. ಆಮೇಲೆ ಐದು ದಿನದ ಕೋರ್ಸ್ ಬೇಕಿಲ್ಲ. ರುಮ್ಯಾಟಿಕ್ ಹುಡುಗರು ಇಪ್ಪತ್ತೊಂದು ದಿನಕ್ಕೊಮ್ಮೆ ಪೆನಿಸಿಲಿನ್ ಸೂಜಿ ಹಾಕಿಸ್ಕೊಳ್ತಾರಲ್ಲ, ಅವರ ಬಾಯಿಯ ಕ್ರಿಮಿಗಳಿಗೆ ಪೆನಿಸಿಲಿನ್ ಅಭ್ಯಾಸ ಆಗಿಬಿಟ್ಟಿರುತ್ತೆ. ಅಂಥವರಲ್ಲಿ ವಾಲ್ವ್ ಹಾಕಿಸಿಕೊಂಡವರು ಬಂದರೆ ಬೇರೆ ಜಾತಿಯ ಔಷಧಿ ಕೊಡ್ತೀನಿ, ಅಜಿತ್ರೋಮೈಸಿನ್ 500. ಕ್ಲಿಂಡಾಮೈಸಿನ್ ಅನ್ನು 2021ರಲ್ಲಿ ಅಮೆರಿಕದವರು ಪಟ್ಟಿಯಿಂದಲೇ ತೆಗೆದರು, ನಮ್ಮಲ್ಲಿ ಇನ್ನೂ ಬರೀತಾನೇ ಇದ್ದಾರೆ.

ಮಧ್ಯೆ ಒಂದು ಕೇಸ್ ಹೇಳದೆ ಇರೋಕೆ ಆಗ್ತಿಲ್ಲ. ಕಣಕಟ್ಟೆ ಕಡೆಯ ಯಜಮಾನರು ಒಬ್ಬರು, ಅರವತ್ತರ ಹತ್ತಿರ, ಎಡಗಡೆ ಕೆಳದವಡೆ ಹಿಡ್ಕೊಂಡು ಬಂದರು. "ಈ ಹಲ್ಲು ಕಿತ್ತಾಕಿ ಡಾಕ್ಟ್ರೇ, ಸಾಕಾಗಿದೆ" ಅಂದರು. ನೋಡಿದರೆ ಹಲ್ಲು ಗಟ್ಟಿಯಾಗಿದೆ. ತಟ್ಟಿದೆ, ನೋವಿಲ್ಲ. ಐಸ್ ಇಟ್ಟೆ, ಏನೂ ಇಲ್ಲ. ಯಾವಾಗ ನೋಯುತ್ತೆ ಯಜಮಾನ್ರೆ ಅಂತ ಕೇಳಿದೆ. "ಶನಿವಾರ ಮಾಲೇಕಲ್ ತಿರುಪತಿ ಬೆಟ್ಟ ಹತ್ತುವಾಗ ಬಂತು. ಕೂತ್ಕೊಂಡೆ, ಹೋಯ್ತು. ಮತ್ತೆ ನಾಲ್ಕು ಮೆಟ್ಟಿಲು ಹತ್ತಿದೆ, ಮತ್ತೆ ಬಂತು" ಅಂದರು. ಮೆಟ್ಟಿಲು ಹತ್ತಿದರೆ ಬಂದು ಕೂತರೆ ಹೋಗೋ ಹಲ್ಲುನೋವು ನಾನು ನೋಡಿಲ್ಲ. ಆಸ್ಪಿರಿನ್ ಅಗಿಯೋಕೆ ಕೊಟ್ಟು, ಕೈ ಹಿಡ್ಕೊಂಡು ಎದುರು ಕಟ್ಟಡಕ್ಕೆ ಕರ್ಕೊಂಡು ಹೋಗಿ ಇಸಿಜಿ ಮಾಡಿಸಿದೆ. ಅವತ್ತು ರಾತ್ರಿಯೇ ಮೈಸೂರಿನ ಜಯದೇವಕ್ಕೆ ಹೋದರು, ಎರಡು ಸ್ಟೆಂಟ್ ಬಿತ್ತು. ಒಂದು ವರ್ಷದ ಮೇಲೆ ಬಲಗಡೆ ನಿಜವಾಗಲೂ ಕೊಳೆತ ಹಲ್ಲು ತೋರಿಸೋಕೆ ಬಂದರು. ಎರಡೂ ಮಾತ್ರೆ ತಿಂತಿರುವಾಗಲೇ ಕಿತ್ತೆ. ಈಗಲೂ ಪ್ರತಿ ಯುಗಾದಿಗೆ ಒಂದು ಗೊನೆ ಎಳನೀರು ಕಳಿಸ್ತಾರೆ.

ದುಡ್ಡಿನ ಕತೆ. ಸಾಮಾನ್ಯ ಹಲ್ಲಿಗೆ ಇಪ್ಪತ್ತು ನಿಮಿಷ, ಇವರಿಗೆ ಒಂದೂವರೆ ಗಂಟೆ ಕುರ್ಚಿ ಬೆಂಚು ಎರಡೂ ಹಿಡಿಯುತ್ತೆ. ಆಬ್‌ಜೆಲ್, ಹೊಲಿಗೆ ದಾರ, ಆಂಪೂಲ್, ಎಲ್ಲ ಸೇರಿ ಮುನ್ನೂರು ರೂಪಾಯಿ ಸಾಮಾನು. ಮೊದಲ ನಾಲ್ಕು ವರ್ಷ ಮಾಮೂಲಿ ಫೀಸೇ ತಗೊಂಡು ಒಂದೊಂದು ಕೇಸ್‌ಗೂ ನೂರು ಇನ್ನೂರು ಕೈಯಿಂದ ಹಾಕಿದೆ. ಕೈಯಿಂದ ಹಾಕ್ತಾ ಹೋದರೆ ಯಾರೂ ಈ ಕೆಲಸ ಮುಂದುವರಿಸೋಕೆ ಆಗಲ್ಲ. ಈಗ ಸಾವಿರದ ಇನ್ನೂರು ಅಂತ ಮೊದಲೇ ಹೇಳ್ತೀನಿ, ಬಿಪಿಎಲ್ ಕಾರ್ಡ್ ಇದ್ದರೆ ಆರುನೂರು. ಯಾರೂ ಜಾಸ್ತಿ ಅಂದಿಲ್ಲ. ವಾಲ್ವ್ ಹಾಕಿಸಿಕೊಂಡವರಿಗೆ ಬೆಂಗಳೂರಿಗೆ ಹೋಗಿ ಬರೋ ಖರ್ಚು ಚೆನ್ನಾಗಿ ಗೊತ್ತು.

ಹಾಸನದ ಸರ್ ಕಳಿಸಿದ ಹೆಂಗಸು ಮಂಗಳವಾರ ಬೆಳಗ್ಗೆಯೇ ಬಂದರು, ತಮ್ಮನ ಜತೆ. ಐಎನ್‌ಆರ್ 3.1. ಪರ್ಸಿನಲ್ಲಿ ಪ್ಲಾಸ್ಟಿಕ್ ಕವರೊಳಗೆ ವಾಲ್ವ್ ಕಾರ್ಡ್ ಇತ್ತು, ಟಿಟಿಕೆ ಚಿತ್ರಾ ವಾಲ್ವ್, ನಮ್ಮ ದೇಶದಲ್ಲೇ, ತಿರುವನಂತಪುರದ ಶ್ರೀಚಿತ್ರಾದವರು ರೂಪಿಸಿದ್ದು. ಕುರ್ಚಿಗೆ ಒರಗಿ ಬಾಯಿ ತೆರೆದರು. ಫ್ಯಾನ್ ನಿಲ್ಲಿಸಿದ್ದೆ, ರೂಮು ನಿಶ್ಶಬ್ದ. ಬಾಯೊಳಗಿಂದ ಟಿಕ್, ಟಿಕ್, ಟಿಕ್ ಅಂತ ವಾಲ್ವ್ ಸದ್ದು ಕೇಳ್ತಿತ್ತು. ಲೋಹದ ವಾಲ್ವ್‌ನವರು ಬಾಯಿ ತೆರೆದಾಗ ಹತ್ತಿರ ಹೋದರೆ ಕೇಳುತ್ತೆ, ನೀವೂ ಕೇಳಿರ್ತೀರಿ. ನನಗೆ ಆ ಸದ್ದು ಕೇಳ್ತಾ ಕೆಲಸ ಮಾಡೋದು ಅಭ್ಯಾಸ ಆಗಿದೆ. ಮದ್ದು ಕೊಡುವಾಗ ಬೇಗ ಆಯ್ತು, ಬೆನ್ನು ತಟ್ಟಿ ಮಾತಾಡಿಸಿದ ಮೇಲೆ ನಿಧಾನ ಆಯ್ತು. ಮೂರೂ ಬೇರು ತೆಗೆದು ಕೆರೆದು ತುಂಬಿ ಹೊಲಿಯೋಕೆ ನಲವತ್ತು ನಿಮಿಷ. ಅರ್ಧ ಗಂಟೆ ಗಾಜ್ ಕಚ್ಚಿ ಕಣ್ಣು ಮುಚ್ಕೊಂಡು ಕೂತಿದ್ದರು. ತೆಗೆದು ನೋಡಿದಾಗ ಗಾಜ್ ತಿಳಿಗೆಂಪು, ಸಾಕೆಟ್ ಮೇಲೆ ಗಟ್ಟಿ ಹೆಪ್ಪು. ಬೆಂಚಿನ ಮೇಲೆ ಕೂರಿಸಿ ಮತ್ತೊಂದು ಸಲ ನೋಡಿ ಕಳಿಸಿದೆ. ಸಂಜೆ ಆರಕ್ಕೆ ಅಸಿಟ್ರೋಮ್ ಎಂದಿನ ಹಾಗೇ ತಗೊಳ್ಳಿ ಅಂತ ಹಳದಿ ಚೀಟಿಯಲ್ಲಿ ದೊಡ್ಡದಾಗಿ ಬರೆದು, ತಮ್ಮನ ಹತ್ರ ಓದಿಸಿದೆ.

ರಾತ್ರಿ ಎಂಟಕ್ಕೆ ನಾನೇ ಫೋನ್ ಮಾಡಿದೆ, ಯಾವಾಗಲೂ ಮಾಡ್ತೀನಿ. ಮಾತ್ರೆ ತಗೊಂಡಿದ್ದಾರೆ, ಮುದ್ದೆ ಮಜ್ಜಿಗೆ ಉಂಡಿದ್ದಾರೆ, ರಕ್ತ ಇಲ್ಲ ಅಂದ ತಮ್ಮ. ಏಳನೇ ದಿನ ಹಾಸನದಲ್ಲೇ ಹೊಲಿಗೆ ಬಿಚ್ಚಿಸ್ಕೊಂಡರು. ಬಿಚ್ಚಿದ ಮೇಲೆ ಸರ್ ಮತ್ತೆ ಫೋನ್ ಮಾಡಿದ್ದರು. ಗಾಯ ಚೆನ್ನಾಗಿ ಮಾಗಿದೆ ಅಂದರು. ಆಮೇಲೆ, "ಗಾಜ್ ಅದೇನೋ ಬೇರೆ ಥರ ಮಡಿಸ್ತಾರೆ ಅಂತ ಆ ಹೆಂಗಸು ಹೇಳಿದ್ಲು, ಒಂದು ಫೋಟೋ ಕಳಿಸಮ್ಮ" ಅಂದರು. ಫೋಟೋದಲ್ಲಿ ಗೊತ್ತಾಗಲ್ಲ ಸರ್, ಬನ್ನಿ ಅಂದೆ. ಬರೋ ಭಾನುವಾರ ಬೆಳಗಿನ ಬಸ್ಸಿಗೆ ಬರ್ತಾರೆ.